ಮೀನಿಗೂ ಸೊಪ್ಪು ಹಾಕಬಹುದು: ಯಾವ ಎಲೆ, ಎಷ್ಟು, ಹೇಗೆ?

ಕೃಷಿ ಹೊಂಡದಲ್ಲಿ ಮೀನು ಬಿಟ್ಟವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: “ಹಿಂಡಿ, ತೌಡಿಗೆ ಸುರಿದು ಸುರಿದು ಸಾಕಾಯ್ತು. ಹೊಲದ ಬದುವಿನಲ್ಲಿ ಇಷ್ಟೊಂದು ಸೊಪ್ಪು ಇದೆಯಲ್ಲ, ಅದನ್ನೇ ಹಾಕಿದರೆ ಆಗೋದಿಲ್ವಾ?”

ಆಗುತ್ತದೆ. ಆದರೆ ಎಲ್ಲಾ ಸೊಪ್ಪು ಆಗೋದಿಲ್ಲ, ಎಲ್ಲಾ ಮೀನಿಗೂ ಆಗೋದಿಲ್ಲ, ಎಷ್ಟು ಬೇಕಾದರೂ ಹಾಕಲಿಕ್ಕೆ ಆಗೋದಿಲ್ಲ. ಈ ಮೂರು ಮಾತನ್ನು ತಿಳಿಯದೆ ಸೊಪ್ಪು ಹಾಕಿ ನಾನು ಒಂದೇ ರಾತ್ರಿಯಲ್ಲಿ ನೂರಕ್ಕೂ ಹೆಚ್ಚು ಮೀನು ಕಳೆದುಕೊಂಡೆ. ಆ ಕಥೆಯನ್ನು ಮೊದಲು ಹೇಳಿ, ಆಮೇಲೆ ಈಗ ನಾನು ಅನುಸರಿಸುತ್ತಿರುವ ಕ್ರಮವನ್ನು ತಿಳಿಸುತ್ತೇನೆ. ಹೊಸದಾಗಿ ಮೀನು ಬಿಟ್ಟವರು ನಾನು ಮಾಡಿದ ತಪ್ಪನ್ನು ಮಾಡದೇ ಇರಲಿ ಎಂಬುದೇ ಈ ಲೇಖನದ ಉದ್ದೇಶ.

ಒಂದು ಗಾಡಿ ಸೊಪ್ಪಿನ ಕಥೆ

ನಮ್ಮದು ಚನ್ನಪಟ್ಟಣದ ಕಡೆ. ಮುಖ್ಯ ಕಸುಬು ರೇಷ್ಮೆ. ಹಿಪ್ಪುನೇರಳೆ ತೋಟದ ತಗ್ಗಿನಲ್ಲಿ 20 ಗುಂಟೆಯ ಒಂದು ಕೊಳ ಇದೆ. ಅದಕ್ಕೆ 2000 ಬಲಿತ ಮೀನುಮರಿ ಬಿಡುತ್ತೇವೆ: ಕಾಟ್ಲಾ 600, ರೋಹು 600, ಮೃಗಾಲ್ 400, ಹುಲ್ಲುಗೆಂಡೆ 200, ಸಾಮಾನ್ಯ ಗೆಂಡೆ 200. ಎಕರೆಗೆ 4000 ಮರಿ ಎಂಬ ಲೆಕ್ಕ.

ಮೀನು ಸಾಕಲು ಶುರು ಮಾಡಿದ ಎರಡನೇ ವರ್ಷ. ಆಗಸ್ಟ್ ತಿಂಗಳು. ಒಂದು ಬೆಳೆ ಹುಳು ಅರ್ಧಕ್ಕೇ ಹಾಳಾಗಿ, ತೋಟದಲ್ಲಿ ಸೊಪ್ಪು ಉಳಿದುಬಿಟ್ಟಿತು. ಹುಲ್ಲುಗೆಂಡೆ ಸೊಪ್ಪು ತಿನ್ನುವುದನ್ನು ಕಂಡಿದ್ದೆ. “ಹುಳುವಿಗಂತೂ ಆಗಲಿಲ್ಲ, ಮೀನಿಗಾದರೂ ಆಗಲಿ” ಅಂತ ಒಂದು ಗಾಡಿ ಸೊಪ್ಪನ್ನು ಕಡ್ಡಿ ಸಮೇತ ಕೊಯ್ದು ಕೊಳಕ್ಕೆ ಸುರಿದೆ. ಎರಡು ದಿನ ಮೀನು ಚೆನ್ನಾಗಿಯೇ ಎಳೆದಾಡಿ ತಿಂದವು. ನನಗೂ ಖುಷಿ.

ಆಮೇಲೆ ಮೂರು ದಿನ ಮೋಡ. ಬಿಸಿಲೇ ಇಲ್ಲ. ತಿನ್ನದೆ ಉಳಿದ ಸೊಪ್ಪು ತಳಕ್ಕೆ ಇಳಿದು ಕೊಳೆಯುತ್ತಿತ್ತು. ನೀರು ಕಂದು ಬಣ್ಣಕ್ಕೆ ತಿರುಗಿತ್ತು, ನಾನು ಅದನ್ನು ಮಳೆ ನೀರಿನ ಕೆಂಪು ಅಂದುಕೊಂಡೆ. ನಾಲ್ಕನೇ ದಿನ ಬೆಳಗಿನ ಜಾವ ಹುಳು ಮನೆಗೆ ಹೋಗುವಾಗ ಕೊಳದ ಕಡೆಯಿಂದ ಪಚ ಪಚ ಸದ್ದು ಕೇಳಿಸಿತು. ಟಾರ್ಚ್ ಹಾಕಿ ನೋಡಿದರೆ ಕೊಳದ ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿವೆ. ಮೋಟಾರ್ ಹಾಕೋಣ ಅಂದರೆ ಕರೆಂಟ್ ಇಲ್ಲ. ಡೀಸೆಲ್ ಪಂಪ್ ತಂದು ನೀರು ಚಿಮ್ಮಿಸುವ ಹೊತ್ತಿಗೆ ಬೆಳಕು ಹರಿದಿತ್ತು. ಆವತ್ತು ಸತ್ತ ಮೀನು ಎಣಿಸಿದೆವು, 137. ಹೆಚ್ಚಿನವು ದೊಡ್ಡ ಕಾಟ್ಲಾ. ಇನ್ನೆರಡು ತಿಂಗಳಿಗೆ ಮಾರಬೇಕಾಗಿದ್ದ ಮಾಲು.

ಅಮ್ಮ ದಡದಲ್ಲಿ ನಿಂತು ಹೇಳಿದ್ದು ಒಂದೇ ಮಾತು: “ಎಮ್ಮೆಗೆ ಹಾಕಿದಂಗೆ ಹಾಕಿದ್ಯಲ್ಲೋ ಮಗ. ಎಮ್ಮೆ ಬಿಟ್ಟಿದ್ದನ್ನ ಗುಡಿಸಿ ತಿಪ್ಪೆಗೆ ಹಾಕ್ತೀವಿ. ಮೀನು ಬಿಟ್ಟಿದ್ದನ್ನ ಯಾರು ಗುಡಿಸ್ತಾರೆ?”

ಸೊಪ್ಪಿನ ವಿಚಾರದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಯಾರೂ ಹೇಳಿಲ್ಲ.

ಮೀನು ಸತ್ತದ್ದು ಯಾಕೆ?

ಸೊಪ್ಪಿನ ವಿಷದಿಂದ ಅಲ್ಲ. ಉಸಿರು ಕಟ್ಟಿ. ಹಗಲು ಹೊತ್ತು ನೀರಿನಲ್ಲಿರುವ ಹಸಿರು ಪಾಚಿ ಬಿಸಿಲಿನ ಸಹಾಯದಿಂದ ಆಮ್ಲಜನಕ ಬಿಡುಗಡೆ ಮಾಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದ ಸೂಕ್ಷ್ಮಾಣು ಜೀವಿಗಳು ಎಲ್ಲವೂ ಆಮ್ಲಜನಕ ಬಳಸುತ್ತವೆ. ಆದ್ದರಿಂದ ಯಾವ ಕೊಳದಲ್ಲೇ ಆಗಲಿ, ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚೆ. ಗೆಂಡೆ ಮೀನುಗಳಿಗೆ ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಒಳ್ಳೆಯದು. ಅದು 3ಕ್ಕಿಂತ ಕೆಳಗೆ ಹೋದರೆ ಕಷ್ಟ ಶುರು.

ಸೊಪ್ಪು ಕೊಳೆಸುವ ಸೂಕ್ಷ್ಮಾಣುಗಳಿಗೂ ಆಮ್ಲಜನಕ ಬೇಕು. ನಾನು ಸುರಿದ ಗಾಡಿ ಸೊಪ್ಪು ರಾತ್ರಿಯಿಡೀ ಆಮ್ಲಜನಕ ಹೀರಿತು. ಮೋಡ ಇದ್ದುದರಿಂದ ಹಗಲಿನಲ್ಲಿ ಹೊಸದು ಸೇರಲಿಲ್ಲ. ದೊಡ್ಡ ಮೀನಿಗೆ ಹೆಚ್ಚು ಬೇಕು, ಅದಕ್ಕೇ ಮೊದಲು ಹೋದದ್ದು ಕಾಟ್ಲಾ.

ಎಲೆ ಎರಡು ಥರ ಕೆಲಸ ಮಾಡುತ್ತದೆ

ಮೀನಿಗೆ ಎಲೆ ಕೊಡುವುದರಲ್ಲಿ ಎರಡು ದಾರಿ ಇದೆ. ಇವೆರಡನ್ನು ಬೇರೆ ಬೇರೆ ಅಂತ ತಿಳಿದುಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

1. ಹಸಿ ಎಲೆ. ಇದನ್ನು ನೇರವಾಗಿ ತಿನ್ನುವುದು ಮುಖ್ಯವಾಗಿ ಹುಲ್ಲುಗೆಂಡೆ. ಸಾಮಾನ್ಯ ಗೆಂಡೆ, ರೋಹು ಮೆತ್ತಗಾದ ಎಲೆಯನ್ನು ಒಂದಿಷ್ಟು ಕಚ್ಚುತ್ತವೆ. ಕಾಟ್ಲಾ ನೀರನ್ನು ಸೋಸಿ ಅದರಲ್ಲಿರುವ ಪ್ಲವಕಗಳನ್ನು ತಿನ್ನುವ ಮೀನು, ಎಲೆಯ ತಂಟೆಗೆ ಬರುವುದಿಲ್ಲ.

2. ಒಣ ಎಲೆಯ ಪುಡಿ. ಇದನ್ನು ಹಿಂಡಿ, ತೌಡಿನ ಜೊತೆ ಬೆರೆಸಿ ಕೊಟ್ಟರೆ ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಎಲ್ಲವೂ ತಿನ್ನುತ್ತವೆ. ಇಲ್ಲಿ ಎಲೆ ಪ್ರೋಟೀನು, ಖನಿಜ, ಜೀವಸತ್ವ ಕೊಡುವ ಪೂರಕ ಆಹಾರ.

ಹಸಿ ಎಲೆ: ಹುಲ್ಲುಗೆಂಡೆ ಇದ್ದರೆ ಮಾತ್ರ

ಹುಲ್ಲುಗೆಂಡೆ ನಮ್ಮ ದೇಶದ ಮೀನಲ್ಲ. 1959ರಲ್ಲಿ ಹಾಂಗ್‌ಕಾಂಗ್‌ನಿಂದ ತರಿಸಿ ಕಟಕ್‌ನಲ್ಲಿ ಸಾಕಲು ಶುರು ಮಾಡಿದ್ದು. ಕೊಳದ ಕಳೆ ತಿನ್ನಿಸುವುದಕ್ಕೆ ಅಂತ ತಂದ ಮೀನು ಇವತ್ತು ಮಿಶ್ರ ಮೀನು ಸಾಕಣೆಯ ಭಾಗವಾಗಿದೆ. ಇದರ ಗಂಟಲಿನಲ್ಲಿ ಗರಗಸದಂಥ ಹಲ್ಲುಗಳಿವೆ, ಎಲೆಯನ್ನು ಕತ್ತರಿಸಿ ನುಂಗುತ್ತದೆ. ಆದರೆ ಕರುಳು ಚಿಕ್ಕದು. ದನದ ಹಾಗೆ ಮೆಲುಕು ಹಾಕಿ ನಾರು ಅರಗಿಸುವ ಶಕ್ತಿ ಇಲ್ಲ. ತಿಂದದ್ದರಲ್ಲಿ ಅರ್ಧದಷ್ಟು ಹಾಗೇ ಹೊರಗೆ ಬರುತ್ತದೆ.

ಇದು ನಷ್ಟ ಅಂತ ತಿಳಿಯಬೇಡಿ. ಆ ಅರೆಬರೆ ಅರಗಿದ ಲದ್ದಿಯೇ ಕೊಳಕ್ಕೆ ನುಣ್ಣನೆ ಗೊಬ್ಬರ. ಅದರಿಂದ ಪ್ಲವಕ ಬೆಳೆಯುತ್ತದೆ. ಪ್ಲವಕವನ್ನು ಕಾಟ್ಲಾ ತಿನ್ನುತ್ತದೆ, ತಳಕ್ಕೆ ಬಿದ್ದದ್ದನ್ನು ಮೃಗಾಲ್, ಸಾಮಾನ್ಯ ಗೆಂಡೆ ಹೆಕ್ಕುತ್ತವೆ. ಹೀಗೆ ಒಂದು ಮೀನಿಗೆ ಹಾಕಿದ ಸೊಪ್ಪು ಬೇರೆ ಮೀನುಗಳಿಗೂ ಮುಟ್ಟುತ್ತದೆ. ಚೀನಾದ ಹುಝೌ ಸೀಮೆಯಲ್ಲಿ ಕೊಳದ ಏರಿಯ ಮೇಲೆ ಹಿಪ್ಪುನೇರಳೆ, ಅದರ ಎಲೆ ಹುಳುವಿಗೆ, ಹುಳುವಿನ ಹಿಕ್ಕೆ ಮೀನಿಗೆ, ಕೊಳದ ಹೂಳು ಮತ್ತೆ ಹಿಪ್ಪುನೇರಳೆಗೆ ಎಂಬ ಪದ್ಧತಿ ನೂರಾರು ವರ್ಷಗಳಿಂದ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಅಂತ ಗುರುತಿಸಿತು. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ರೇಷ್ಮೆ ರೈತರಿಗೆ ಇದು ಬಹಳ ಹತ್ತಿರದ ವಿಷಯ.

ಯಾವ ಹಸಿ ಎಲೆ ಹಾಕಬಹುದು?

• ಹಿಪ್ಪುನೇರಳೆ: ಮೀನು ಇಷ್ಟಪಟ್ಟು ತಿನ್ನುತ್ತದೆ. ಎಳೆ ಎಲೆ, ತುದಿ ಸೊಪ್ಪು ಒಳ್ಳೆಯದು. ಕಡ್ಡಿ ಬೇಡ.
• ಮೇವಿನ ಹುಲ್ಲು: ಹೈಬ್ರಿಡ್ ನೇಪಿಯರ್ ಎಳೆಯದಿರುವಾಗ ಸಣ್ಣಗೆ ಕತ್ತರಿಸಿ ಹಾಕಬೇಕು. ಬಲಿತ ಗರಿ ತೇಲಿಕೊಂಡೇ ಇರುತ್ತದೆ.
• ಬಾಳೆ ಎಲೆ: ನಡುದಿಂಡು ತೆಗೆದು ಸೀಳಿ ಹಾಕಬಹುದು. ಪ್ರೋಟೀನು ಕಡಿಮೆ, ಹೊಟ್ಟೆ ತುಂಬಿಸಲು ಅಷ್ಟೇ.
• ಸಿಹಿಗೆಣಸಿನ ಬಳ್ಳಿ, ಎಲೆಕೋಸಿನ ಹೊರ ಎಲೆ, ಮೂಲಂಗಿ ಸೊಪ್ಪು: ಔಷಧಿ ಸಿಂಪಡಿಸದೆ ಬೆಳೆದದ್ದಾದರೆ ಹಾಕಬಹುದು.
• ಅಜೋಲಾ: ಇದು ನೀರಿನ ಮೇಲೆ ತೇಲುವ ಜರೀಗಿಡದ ಜಾತಿ. ಹುಲ್ಲುಗೆಂಡೆಯ ಸಣ್ಣ ಮರಿಗೆ ಇದಕ್ಕಿಂತ ಒಳ್ಳೆಯ ಸೊಪ್ಪಿಲ್ಲ. ತೊಟ್ಟಿಯಲ್ಲಿ ಬೆಳೆಸಿ ತೊಳೆದು ಹಾಕಿ. ಕೊಳದಲ್ಲೇ ಬೆಳೆಯಲು ಬಿಟ್ಟರೆ ಮೇಲ್ಮೈ ಮುಚ್ಚಿ ಬಿಸಿಲು ಒಳಗೆ ಬೀಳುವುದಿಲ್ಲ.

ಎಷ್ಟು ಹಾಕಬೇಕು?

ಬೆಚ್ಚಗಿನ ದಿನಗಳಲ್ಲಿ ಹುಲ್ಲುಗೆಂಡೆ ತನ್ನ ತೂಕದಷ್ಟೇ ಹಸಿ ಸೊಪ್ಪನ್ನು ಒಂದು ದಿನಕ್ಕೆ ತಿನ್ನಬಲ್ಲದು. ಹಾಗಂತ ಅಷ್ಟು ಹಾಕಲು ಹೋಗಬೇಡಿ. ನಾನು ಮೀನಿನ ತೂಕದ ಮೂರನೇ ಒಂದು ಭಾಗದಿಂದ ಶುರು ಮಾಡುತ್ತೇನೆ. ನಮ್ಮ ಕೊಳದ ಲೆಕ್ಕ: 200 ಹುಲ್ಲುಗೆಂಡೆ, ಒಂದೊಂದು 300 ಗ್ರಾಂ ಇದ್ದಾಗ ಒಟ್ಟು 60 ಕೆಜಿ. ಮೂರನೇ ಒಂದು ಭಾಗ ಎಂದರೆ 20 ಕೆಜಿ ಸೊಪ್ಪು. ನಾನು ಗಾಡಿಗಟ್ಟಲೆ ಸುರಿದದ್ದು ಎಂಥ ಹುಚ್ಚು ಅಂತ ಈ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು.

ಹಾಕುವ ಕ್ರಮ ಹೀಗೆ:

• ಬಿದಿರು ಅಥವಾ ಪಿವಿಸಿ ಪೈಪಿನಿಂದ ನೀರಿನ ಮೇಲೆ ತೇಲುವ ಚೌಕಟ್ಟು ಮಾಡಿ, ದಡಕ್ಕೆ ಹಗ್ಗ ಕಟ್ಟಿ. ಸೊಪ್ಪು ಅದರೊಳಗೆ ಮಾತ್ರ ಬೀಳಬೇಕು. ಗಾಳಿಗೆ ಹರಡುವುದಿಲ್ಲ, ಉಳಿದದ್ದು ಕಣ್ಣಿಗೆ ಕಾಣುತ್ತದೆ.
• ಬಿಸಿಲು ಏರಿದ ಮೇಲೆ, ಬೆಳಿಗ್ಗೆ 9 ರಿಂದ 10 ಗಂಟೆಗೆ ಹಾಕಿ. ಸಂಜೆ ಹಾಕುವುದು ಬೇಡ.
• ಮಾರನೇ ಬೆಳಿಗ್ಗೆ ಹೊಸ ಸೊಪ್ಪು ಹಾಕುವ ಮುಂಚೆ ಹಳೆಯದನ್ನು ನೋಡಿ. ಪೂರ್ತಿ ಖಾಲಿ ಆಗಿದ್ದರೆ ಎರಡು ಮೂರು ಕೆಜಿ ಹೆಚ್ಚಿಸಿ. ಉಳಿದಿದ್ದರೆ ಅಷ್ಟನ್ನು ಕಡಿಮೆ ಮಾಡಿ, ಉಳಿದದ್ದನ್ನು ಕುಂಟೆಯಿಂದ ಎಳೆದು ಗೊಬ್ಬರದ ಗುಂಡಿಗೆ ಹಾಕಿ.
• ಮೋಡ ಮುಚ್ಚಿದ ದಿನ ಸೊಪ್ಪು ಬೇಡ. ಒಂದು ದಿನ ಹೊಟ್ಟೆಗೆ ಕಡಿಮೆ ಬಿದ್ದರೆ ಮೀನು ಸಾಯುವುದಿಲ್ಲ, ಉಸಿರಿಗೆ ಕಡಿಮೆ ಬಿದ್ದರೆ ಸಾಯುತ್ತದೆ.
• ಚಳಿಗಾಲದಲ್ಲಿ ನೀರು ತಣ್ಣಗಾದಾಗ ಮೀನು ತಿನ್ನುವುದು ತಾನಾಗಿಯೇ ಕಡಿಮೆಯಾಗುತ್ತದೆ. ಆಗ ಸೊಪ್ಪನ್ನೂ ಇಳಿಸಬೇಕು.

ಮೊಣಕೈವರೆಗೆ ಕೈಯನ್ನು ನೀರಿಗೆ ಇಳಿಸಿ ನೋಡುವ ಹಳೆಯ ಪರೀಕ್ಷೆ ಇದೆಯಲ್ಲ, ಅದನ್ನು ವಾರಕ್ಕೆ ಎರಡು ಸಲ ಮಾಡಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಕಾಣದಂತಾದರೆ ಪ್ಲವಕ ಸಾಕಷ್ಟಿದೆ ಅಂತ ಅರ್ಥ. ಅದಕ್ಕಿಂತ ಬಹಳ ಮೇಲೆಯೇ ಅಂಗೈ ಮರೆಯಾದರೆ ನೀರು ಹೆಚ್ಚು ಗಟ್ಟಿಯಾಗಿದೆ, ಸೊಪ್ಪು ಮತ್ತು ಗೊಬ್ಬರ ಎರಡನ್ನೂ ನಿಲ್ಲಿಸಿ.

ಒಣ ಎಲೆಯ ಪುಡಿ: ನುಗ್ಗೆಗೆ ಮೊದಲ ಸ್ಥಾನ

ಪುಡಿಗೆ ನನ್ನ ಆಯ್ಕೆ ನುಗ್ಗೆ ಸೊಪ್ಪು. ಒಣ ಪುಡಿಯಲ್ಲಿ ಸುಮಾರು ಶೇ. 25ರಷ್ಟು ಪ್ರೋಟೀನು ಇರುತ್ತದೆ. ಸುಣ್ಣದ ಅಂಶ, ಕಬ್ಬಿಣ, ಎ ಜೀವಸತ್ವದ ಮೂಲವಾದ ಕ್ಯಾರೋಟಿನ್ ಕೂಡ ಚೆನ್ನಾಗಿವೆ. ಬದುವಿನಲ್ಲಿ ಬೆಳೆಯುತ್ತದೆ, ಕತ್ತರಿಸಿದಷ್ಟೂ ಚಿಗುರುತ್ತದೆ. ಒಣಗಿದ ಹಿಪ್ಪುನೇರಳೆ ಎಲೆಯಲ್ಲಿ ಸುಮಾರು ಶೇ. 18 ರಿಂದ 25, ಅಜೋಲಾದಲ್ಲಿ ಶೇ. 20 ರಿಂದ 25 ಪ್ರೋಟೀನು ಸಿಗುತ್ತದೆ. ಹೋಲಿಕೆಗೆ ಹೇಳುವುದಾದರೆ ಅಕ್ಕಿ ತೌಡಿನಲ್ಲಿರುವುದು ಸುಮಾರು ಶೇ. 12, ಕಡಲೆಕಾಯಿ ಹಿಂಡಿಯಲ್ಲಿ ಶೇ. 40ರ ಮೇಲೆ. ಅಂದರೆ ಎಲೆಯ ಪುಡಿ ತೌಡಿಗಿಂತ ಮೇಲು, ಹಿಂಡಿಗಿಂತ ಕೆಳಗೆ. ಎಲೆ ಹಾಕಿದೆವು ಅಂತ ಹಿಂಡಿಯನ್ನು ಪೂರ್ತಿ ಬಿಟ್ಟರೆ ಮೀನು ಬೆಳೆಯುವುದಿಲ್ಲ.

ಪುಡಿ ಮಾಡುವ ವಿಧಾನ:

• ಸೊಪ್ಪನ್ನು ತೊಳೆದು, ದಂಟು ಬಿಡಿಸಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿ. ನುಗ್ಗೆ ಎಲೆಯಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಅಂಶ ಇದೆ, ಹೆಚ್ಚಾದರೆ ಮೀನು ಆಹಾರ ಒಲ್ಲದು. ನೆನೆಸಿದರೆ ಅದು ಕಡಿಮೆಯಾಗುತ್ತದೆ.
• ನೆರಳಿನಲ್ಲಿ ತೆಳುವಾಗಿ ಹರಡಿ ಮೂರು ನಾಲ್ಕು ದಿನ ಒಣಗಿಸಿ. ಕೈಯಲ್ಲಿ ಹಿಸುಕಿದರೆ ಪುಡಿಯಾಗಬೇಕು, ಬಣ್ಣ ಹಸಿರಾಗಿಯೇ ಇರಬೇಕು.
• ಹಿಟ್ಟಿನ ಗಿರಣಿಯಲ್ಲಿ ಪುಡಿ ಮಾಡಿಸಿ, ಗಾಳಿ ಆಡದ ಡಬ್ಬದಲ್ಲಿ ತುಂಬಿಡಿ. ಸುಮಾರು 5 ಕೆಜಿ ಹಸಿ ಸೊಪ್ಪಿಗೆ 1 ಕೆಜಿ ಪುಡಿ ಸಿಗುತ್ತದೆ.

10 ಕೆಜಿ ಆಹಾರಕ್ಕೆ ನಾನು ಬಳಸುವ ಅಳತೆ:

• ಕಡಲೆಕಾಯಿ ಹಿಂಡಿ 4 ಕೆಜಿ
• ಅಕ್ಕಿ ತೌಡು 3.5 ಕೆಜಿ
• ಜೋಳದ ಹಿಟ್ಟು (ಮುಸುಕಿನ ಜೋಳ) 1.3 ಕೆಜಿ
• ನುಗ್ಗೆ ಎಲೆ ಪುಡಿ 1 ಕೆಜಿ
• ಖನಿಜ ಮಿಶ್ರಣ ಮತ್ತು ಉಪ್ಪು ಸೇರಿ 200 ಗ್ರಾಂ

ಇದರಲ್ಲಿ ಒಟ್ಟು ಪ್ರೋಟೀನು ಸುಮಾರು ಶೇ. 25 ಬರುತ್ತದೆ. ಬೆಳೆಯುವ ಹಂತದ ಗೆಂಡೆಗೆ ಇದು ನಡೆಯುತ್ತದೆ. ಹಿಂಡಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಉಳಿದದ್ದೆಲ್ಲ ಸೇರಿಸಿ ರಾಗಿ ಮುದ್ದೆಯ ಹದಕ್ಕೆ ನಾದಿ ಉಂಡೆ ಮಾಡಿ. ಹಿಂಡಿಯಲ್ಲಿ ಬೂಷ್ಟು ಕಂಡರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ, ಬೂಷ್ಟಿನ ವಿಷ ಮೀನಿನ ಈಲಿ ಹಾಳು ಮಾಡುತ್ತದೆ.

ಎಷ್ಟು ಕೊಡಬೇಕು ಎಂಬುದಕ್ಕೆ ಮೀನಿನ ಒಟ್ಟು ತೂಕದ ಶೇ. 2 ರಿಂದ 3 ಲೆಕ್ಕ ಹಿಡಿಯಿರಿ. ನಮ್ಮ ಕೊಳದಲ್ಲಿ 1600 ಮೀನು ಉಳಿದಿವೆ, ಸರಾಸರಿ 250 ಗ್ರಾಂ ಇವೆ ಎಂದರೆ 400 ಕೆಜಿ. ಶೇ. 3 ಎಂದರೆ ದಿನಕ್ಕೆ 12 ಕೆಜಿ ಆಹಾರ. ಅದರಲ್ಲಿ ಎಲೆ ಪುಡಿ 1.2 ಕೆಜಿ, ಅಂದರೆ ದಿನಕ್ಕೆ 6 ಕೆಜಿ ಹಸಿ ನುಗ್ಗೆ ಸೊಪ್ಪು ಬೇಕು. ಇಷ್ಟು ಸೊಪ್ಪು ನಿಮ್ಮಲ್ಲಿ ಇದೆಯೇ, ಬಿಡಿಸಿ ಒಣಗಿಸಲು ಆಳು ಇದೆಯೇ ಅಂತ ಮೊದಲು ನೋಡಿಕೊಳ್ಳಿ. ಕೂಲಿ ಕೊಟ್ಟು ಮಾಡಿಸಿದರೆ ಉಳಿತಾಯ ಉಳಿಯುವುದಿಲ್ಲ. ಮನೆಯವರೇ ಮಾಡಿದರೆ, ಅದೂ ಬದುವಿನ ಮರದ ಸೊಪ್ಪಾದರೆ ಲಾಭ.

ಹತ್ತಕ್ಕೆ ಒಂದು, ಅಷ್ಟೇ

ಎಲೆ ಪುಡಿ ಹತ್ತು ಪಾಲಿನಲ್ಲಿ ಒಂದು ಪಾಲು ಮೀರದಿರುವುದು ಸುರಕ್ಷಿತ. ಯಾಕೆಂದರೆ ಎಲೆಯಲ್ಲಿ ನಾರು ಹೆಚ್ಚು. ಜೊತೆಗೆ ಟ್ಯಾನಿನ್, ಫೈಟೇಟ್ ಮುಂತಾದವು ಪ್ರೋಟೀನು ಮತ್ತು ಖನಿಜವನ್ನು ಕಟ್ಟಿಹಾಕಿ ಮೀನಿಗೆ ಸಿಗದಂತೆ ಮಾಡುತ್ತವೆ. ನಾನೂ ಆಸೆಬಿದ್ದು ಹತ್ತಕ್ಕೆ ಎರಡು ಪಾಲು ಹಾಕಿ ನೋಡಿದ್ದೇನೆ. ವಾರದೊಳಗೆ ತಟ್ಟೆಯಲ್ಲಿ ಆಹಾರ ಉಳಿಯತೊಡಗಿತು. ಮತ್ತೆ ಒಂದಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಆಹಾರವನ್ನು ಎರಚುವುದರ ಬದಲು ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಡಿ, ಇಲ್ಲವೇ ತೂತು ಮಾಡಿದ ಚೀಲದಲ್ಲಿ ತುಂಬಿ ಗಳುವಿಗೆ ಕಟ್ಟಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿದರೆ ಮೀನು ತಿಂದಿದೆಯೋ ಇಲ್ಲವೋ ತಿಳಿಯುತ್ತದೆ. ಮೀನು ಕಾಯಿಲೆ ಬೀಳುವ ಮುನ್ಸೂಚನೆಯೂ ಇದೇ ತಟ್ಟೆಯಲ್ಲಿ ಸಿಗುತ್ತದೆ.

ಹದ ಮಾಡದೆ ಹಾಕಬಾರದ ಎಲೆಗಳು

• ಸುಬಾಬುಲ್: ಪ್ರೋಟೀನು ಚೆನ್ನಾಗಿದೆ. ಆದರೆ ಮೈಮೋಸಿನ್ ಎಂಬ ವಿಷಾಂಶ ಇದೆ, ಬೆಳವಣಿಗೆ ಕುಂಠಿತವಾಗುತ್ತದೆ. ಎರಡು ದಿನ ನೀರಿನಲ್ಲಿ ನೆನೆಸಿ, ನೀರು ಬಸಿದು, ಒಣಗಿಸಿ, ಅದೂ ಸ್ವಲ್ಪವೇ ಬಳಸಬೇಕು.
• ಮರಗೆಣಸಿನ ಎಲೆ: ಹಸಿಯಾಗಿದ್ದಾಗ ಸಯನೈಡ್ ಬಿಡುಗಡೆ ಮಾಡುತ್ತದೆ. ಸಣ್ಣಗೆ ಹೆಚ್ಚಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆ ಮಾತ್ರ.
• ಕೆಸುವಿನ ಎಲೆ: ನಮಗೆ ಗಂಟಲು ತುರಿಸುವ ಅಂಶವೇ ಮೀನಿಗೂ ತೊಂದರೆ. ಬೇಯಿಸಿ ಹಾಕಬೇಕು.

ಕೊಳದ ಹತ್ತಿರವೂ ತರಬಾರದ ಎಲೆಗಳು

“ಬೇವು ಒಳ್ಳೆಯದಲ್ವಾ?” ಅಂತ ಬಹಳ ಜನ ಕೇಳುತ್ತಾರೆ. ಮನುಷ್ಯನಿಗೆ, ಬೆಳೆಗೆ ಒಳ್ಳೆಯದೆಲ್ಲ ಮೀನಿಗೆ ಒಳ್ಳೆಯದಲ್ಲ. ಬೇವಿನ ಅಂಶ ನೀರಿನಲ್ಲಿ ಹೆಚ್ಚಾದರೆ ಮೀನಿನ ಕಿವಿರಿಗೆ ಪೆಟ್ಟು. ಎಕ್ಕ, ಕಳ್ಳಿ, ಕಣಗಿಲೆ, ಹೊಂಗೆ, ಹರಳು, ತಂಬಾಕು, ಲಂಟಾನ, ನೀಲಗಿರಿ, ಪಾರ್ಥೇನಿಯಂ ಇವೂ ಬೇಡ. ಕೊಳದ ಏರಿಯ ಮೇಲೆ ನೀಲಗಿರಿ, ಹೊಂಗೆ ಇದ್ದರೆ ಎಲೆ ಉದುರಿ ನೀರಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಸಸ್ಯದಿಂದ ಏನಾಗುತ್ತದೆ ಅಂತ ಅನುಮಾನ ಇದ್ದವರು ಹಿಪ್ಪೆ ಹಿಂಡಿಯನ್ನು ನೆನೆಸಿಕೊಳ್ಳಿ. ಮರಿ ಬಿಡುವ ಮುಂಚೆ ಕೊಳದ ಬೇಡದ ಮೀನು ಕೊಲ್ಲಲು ಶಿಫಾರಸು ಮಾಡುವುದು ಅದನ್ನೇ. ಅದರಲ್ಲಿ ಕೆಲಸ ಮಾಡುವುದು ಇದೇ ಸಪೋನಿನ್. ಪ್ರಮಾಣ ಮೀರಿದರೆ ಗಿಡದ ಮದ್ದೂ ವಿಷವೇ.

ಔಷಧಿ ಸಿಂಪಡಿಸಿದ ಸೊಪ್ಪು

ಇದು ಎಲ್ಲಕ್ಕಿಂತ ದೊಡ್ಡ ಅಪಾಯ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಗುಂಪಿನ ಕೀಟನಾಶಕಗಳು ಮೀನಿಗೆ ತೀರಾ ಸಣ್ಣ ಪ್ರಮಾಣದಲ್ಲಿಯೂ ಮಾರಕ. ತರಕಾರಿ ಮಾರುಕಟ್ಟೆಯಲ್ಲಿ ಬಿಟ್ಟಿ ಸಿಗುವ ಕೋಸಿನ ಎಲೆಗೆ ಯಾರು ಯಾವಾಗ ಏನು ಹೊಡೆದಿದ್ದಾರೋ ಗೊತ್ತಾಗುವುದಿಲ್ಲ, ತರಬೇಡಿ. ರೇಷ್ಮೆ ರೈತರಿಗೆ ನನ್ನ ಸರಳ ನಿಯಮ: ಹುಳುವಿಗೆ ಹಾಕಲು ಧೈರ್ಯ ಬಾರದ ಸೊಪ್ಪನ್ನು ಮೀನಿಗೂ ಹಾಕಬೇಡಿ. ಹಾಗೆಯೇ ಹುಳುವಿನ ಹಾಸಿಗೆಗೆ ಸೋಂಕುನಾಶಕ ಪುಡಿ ಎರಚಿದ್ದರೆ ಆ ಹಾಸಿಗೆಯ ಸೊಪ್ಪು, ಹಿಕ್ಕೆ ನೇರವಾಗಿ ಕೊಳಕ್ಕೆ ಬೇಡ. ಗೊಬ್ಬರದ ಗುಂಡಿಗೆ ಹೋಗಲಿ.

ಎಲೆಯಿಂದ ಕಾಯಿಲೆ ವಾಸಿಯಾಗುತ್ತದೆಯೇ?

ಸೀಬೆ ಎಲೆ, ತುಳಸಿ, ನುಗ್ಗೆ ಇವುಗಳಲ್ಲಿರುವ ಅಂಶಗಳು ಮೀನಿನ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುತ್ತವೆ ಎಂಬುದನ್ನು ಪ್ರಯೋಗಾಲಯಗಳಲ್ಲಿ ನೋಡಿದ್ದಾರೆ. ಸೀಬೆ ಎಲೆಯ ಸಾರ, ಮೀನಿಗೆ ಹುಣ್ಣು ತರುವ ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಬಣ್ಣದ ಮೀನು ಸಾಕುವವರು ತೊಟ್ಟಿಗೆ ಒಣಗಿದ ಕಾಡುಬಾದಾಮಿ ಎಲೆ ಹಾಕುವುದೂ ಇದೇ ಕಾರಣಕ್ಕೆ, ಅದರ ಟ್ಯಾನಿನ್ ನೀರಿಗೆ ಇಳಿದು ಬೂಷ್ಟು ಬೆಳೆಯಲು ಬಿಡುವುದಿಲ್ಲ.

ಆದರೆ ತೊಟ್ಟಿಯ ಮಾತು ಬೇರೆ, 20 ಗುಂಟೆ ಕೊಳದ ಮಾತು ಬೇರೆ. ಎಲೆ ಮೀನಿಗೆ ಆಹಾರ, ಚಿಕಿತ್ಸೆ ಅಲ್ಲ. ತಿನ್ನುವ ಮೀನಿಗೆ ಬಲ ಕೊಡುತ್ತದೆ. ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದೇ ಆಹಾರವನ್ನು, ಆಗ ಎಲೆ ಕೊಟ್ಟು ಪ್ರಯೋಜನ ಇಲ್ಲ. ಮೈಮೇಲೆ ಮೀನು ಹೇನು ಕಾಣಿಸಿದರೆ, ಚಳಿಗಾಲದಲ್ಲಿ ಕೆಂಪು ಹುಣ್ಣು ಎದ್ದರೆ, ಎರಡು ಮೂರು ಮೀನು ಹಿಡಿದು ಮೀನುಗಾರಿಕೆ ಇಲಾಖೆಯವರಿಗೆ ಅಥವಾ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ಅಂಗಡಿಯವರ ಮಾತು ಕೇಳಿ ಆಂಟಿಬಯಾಟಿಕ್ ಸುರಿಯಬೇಡಿ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಮುಂತಾದವು ಮೀನು ಸಾಕಣೆಯಲ್ಲಿ ನಿಷೇಧಿತ.

ಮೊದಲು ಸಣ್ಣದಾಗಿ ಪರೀಕ್ಷಿಸಿ

ನಿಮ್ಮ ಕೊಳ, ನಿಮ್ಮ ನೀರು ಬೇರೆ. ನನ್ನ ಮಾತನ್ನೇ ನಂಬಬೇಕಾಗಿಲ್ಲ. ಕೊಳದೊಳಗೇ ಒಂದೇ ಅಳತೆಯ ಎರಡು ಬಲೆ ತೊಟ್ಟಿ (ಹಾಪಾ) ಕಟ್ಟಿ. ಎರಡಕ್ಕೂ ಒಂದೇ ಗಾತ್ರದ 50 ಮರಿ ತೂಕ ಮಾಡಿ ಬಿಡಿ. ಒಂದಕ್ಕೆ ಮಾಮೂಲಿ ಆಹಾರ, ಇನ್ನೊಂದಕ್ಕೆ ಎಲೆ ಪುಡಿ ಬೆರೆಸಿದ್ದು ಕೊಡಿ. ಕೊಟ್ಟ ಆಹಾರವನ್ನು ದಿನವೂ ಬರೆದಿಡಿ. 15 ದಿನಕ್ಕೊಮ್ಮೆ ತೂಕ ನೋಡಿ. ಎರಡು ತಿಂಗಳ ಕೊನೆಗೆ, ಒಂದು ಕೆಜಿ ಮೀನು ಬೆಳೆಸಲು ಎಷ್ಟು ಆಹಾರ ಬೇಕಾಯಿತು, ಅದಕ್ಕೆ ನಿಮ್ಮ ಊರಿನ ದರದಲ್ಲಿ ಎಷ್ಟು ಖರ್ಚಾಯಿತು ಅಂತ ಲೆಕ್ಕ ಹಾಕಿ. ಎಲೆ ಹಾಕಿದ ಕಡೆ ಮೀನು ಹೆಚ್ಚು ತೂಗದಿದ್ದರೂ ಖರ್ಚು ಕಡಿಮೆಯಾಗಿದ್ದರೆ ಅದು ಲಾಭವೇ.

ಮೀನು ಗುಟುಕರಿಸುತ್ತಿದ್ದರೆ ಏನು ಮಾಡಬೇಕು?

ಎಷ್ಟು ಜಾಗ್ರತೆ ಮಾಡಿದರೂ ಒಂದು ದಿನ ಇದು ಎದುರಾಗಬಹುದು.

• ತಕ್ಷಣ ಹೊಸ ನೀರು ಬಿಡಿ. ಹೊಸ ನೀರು ಇಲ್ಲದಿದ್ದರೆ ಕೊಳದ ನೀರನ್ನೇ ಪಂಪಿನಿಂದ ಎತ್ತಿ ಮೇಲಿನಿಂದ ಚಿಮ್ಮಿಸಿ.
• ಕರೆಂಟ್ ಇಲ್ಲದಿದ್ದರೆ ನಾಲ್ಕು ಜನ ಇಳಿದು ಬಿದಿರಿನಿಂದ ನೀರಿನ ಮೇಲ್ಭಾಗ ಬಡಿಯಿರಿ. ತಳದ ಕೆಸರು ಕಲಕಬೇಡಿ.
• ತೇಲುವ ಸೊಪ್ಪನ್ನೆಲ್ಲ ಎಳೆದು ಹೊರಗೆ ಹಾಕಿ.
• ಎರಡು ಮೂರು ದಿನ ಆಹಾರ, ಗೊಬ್ಬರ, ಸೊಪ್ಪು ಪೂರ್ತಿ ನಿಲ್ಲಿಸಿ.
• ಗಾಬರಿಯಲ್ಲಿ ಸುಣ್ಣ ಸುರಿಯಬೇಡಿ. ಮೊದಲು ನೀರಿನ ರಸಸಾರ ನೋಡಿ. ಅದು 8.5ಕ್ಕಿಂತ ಮೇಲಿದ್ದರೆ ಸುಣ್ಣ ಹಾಕುವುದರಿಂದ ಅಮೋನಿಯಾದ ಕಾಟ ಹೆಚ್ಚುತ್ತದೆ.
• ಸತ್ತ ಮೀನನ್ನು ಅದೇ ದಿನ ತೆಗೆದು ಸುಣ್ಣ ಹಾಕಿ ಹೂಳಿ.

ಆ ವರ್ಷದ ನಂತರ ನಾವು ಡೀಸೆಲ್ ಪಂಪನ್ನು ಕೊಳದ ಹತ್ತಿರವೇ ಇಟ್ಟಿದ್ದೇವೆ. ಬಿದಿರಿನ ಚೌಕಟ್ಟು ಎರಡು ಸಲ ಹೊಸದು ಮಾಡಿಸಿ ಆಯ್ತು. ಸೊಪ್ಪು ಈಗಲೂ ಹಾಕುತ್ತೇವೆ, ಆದರೆ ತೂಕ ಮಾಡಿ. ದಿನಾ ಬೆಳಿಗ್ಗೆ ಅಮ್ಮ ಎಮ್ಮೆ ಕಟ್ಟಲು ಬಂದಾಗ ಚೌಕಟ್ಟು ನೋಡಿ ಅಲ್ಲಿಂದಲೇ ಕೂಗಿ ಹೇಳುತ್ತಾರೆ: “ನಿನ್ನೇದು ಉಳಿದೈತೆ, ಇವತ್ತು ಕಮ್ಮಿ ಹಾಕು.” ನಮ್ಮ ಕೊಳದ ಲೆಕ್ಕಪತ್ರ ಅದೇ.

ನೆನಪಿಡಬೇಕಾದದ್ದು ಇಷ್ಟು: ಹಸಿ ಎಲೆ ಹುಲ್ಲುಗೆಂಡೆಗೆ, ಚೌಕಟ್ಟಿನೊಳಗೆ, ಬಿಸಿಲಿರುವ ದಿನ. ಒಣ ಪುಡಿ ಎಲ್ಲರಿಗೂ, ಹತ್ತಕ್ಕೆ ಒಂದು ಪಾಲು. ಸಿಂಪಡಿಸಿದ ಸೊಪ್ಪು ಯಾರಿಗೂ ಬೇಡ. ಉಳಿದ ಸೊಪ್ಪನ್ನು ಅದೇ ಬೆಳಿಗ್ಗೆ ಹೊರಗೆ ತೆಗೆಯಿರಿ.